ಆಪರೇಷನ್ ಆಗಿ ಎರಡನೇ ವರ್ಷವೂ ಯಾಕೆ ಬರಬೇಕು?

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಡಯಟೀಷಿಯನ್. ತೂಕ ಇಳಿಸುವ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರ ಊಟ-ತಿಂಡಿ ನೋಡಿಕೊಳ್ಳೋದು ನನ್ನ ಕೆಲಸ. ಮೊದಲ ವರ್ಷ ಹೆಚ್ಚಿನವರು ಹೇಳಿದ ದಿನ ತಪ್ಪದೆ ಬರುತ್ತಾರೆ. ಎರಡನೇ ವರ್ಷ ಬರೋದು ಕಮ್ಮಿ. ನನ್ನ ಪ್ರಕಾರ ತಪ್ಪಿಸಲೇಬಾರದ ವರ್ಷ ಅದೇ.

ಇದರಲ್ಲಿ ಒಂದು ಬಗೆಯಾದ ಸ್ಲೀವ್ ಆಪರೇಷನ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನೂ ಇಳಿಯುತ್ತದೆ. ಹಾಗಾಗಿ ಮೊದಮೊದಲು ಹಸಿವು ಅಷ್ಟಾಗಿ ಕಾಡಲ್ಲ. ಬಟ್ಟೆ ಸಡಿಲ ಆಗುತ್ತದೆ, ನೆಂಟರೆಲ್ಲ ಹೊಗಳುತ್ತಾರೆ. ಆಮೇಲೆ ತೂಕ ಒಂದು ಕಡೆ ನಿಲ್ಲುತ್ತದೆ, ಹೊಗಳಿಕೆಯೂ ನಿಲ್ಲುತ್ತದೆ. ಬೇಜಾರಾದಾಗ ತಿನ್ನುವ ಅಭ್ಯಾಸ ಮಾತ್ರ ಹಾಗೇ ಇರುತ್ತದೆ. ಅದನ್ನು ಯಾರೂ ಕತ್ತರಿಸಿಲ್ಲ, ಅಲ್ವಾ?

ಒಬ್ಬ ಹೆಂಗಸಿನ ಡೈರಿ ಬಹಳ ಅಚ್ಚುಕಟ್ಟಾಗಿತ್ತು. ಬೆಳಿಗ್ಗೆ ಒಂದು ಇಡ್ಲಿ, ಮಧ್ಯಾಹ್ನ ಅರ್ಧ ಬಟ್ಟಲು ಬೇಳೆ-ಅನ್ನ, ರಾತ್ರಿ ಒಂದು ಮೊಟ್ಟೆ. ಆದರೂ ತೂಕ ಮತ್ತೆ ಏರುತ್ತಿತ್ತು. ಮುದ್ದೆ ನಾಲ್ಕು ತುತ್ತಿಗೇ ಎದೆಗೆ ಕೂತ ಹಾಗಾಗುತ್ತದೆ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ಎಷ್ಟಾದರೂ ಸಲೀಸಾಗಿ ಇಳಿಯುತ್ತದೆ. ಅದು ಊಟ ಅಲ್ಲವಲ್ಲ, ಅದಕ್ಕೇ ಬರೆದಿರಲಿಲ್ಲ. ಡೈರಿಯಲ್ಲಿ ಇನ್ನೊಂದು ಗೆರೆ ಎಳೆದುಕೊಟ್ಟೆ: "ಬಾಯಾಡಿಸಬೇಕು ಅನ್ನಿಸಿದಾಗ ಏನಾಗಿತ್ತು?" ಮುಂದಿನ ಸಲ ತಂದು ತೋರಿಸಿದರು. "ಸಂಜೆ 4: ಕಾಫಿ, ಬಿಸ್ಕತ್ತು. ಮಗಳು ಫೋನ್ ಮಾಡಲಿಲ್ಲ." "ರಾತ್ರಿ 11: ಖಾರಾ ಬೂಂದಿ. ಇವರ ಜೊತೆ ಮಾತಿಲ್ಲ." ಪುಟ ತಿರುವುತ್ತಾ ಅವರೇ ಅಂದರು, "ಮೇಡಂ, ಹಸಿವಾಗಿತ್ತು ಅಂತ ಒಂದು ಸಲಾನೂ ಬರೆದಿಲ್ಲ ನೋಡಿ."

ಡಯಟ್ ಚಾರ್ಟ್ ಬದಲಾಯಿಸಿ ಏನು ಪ್ರಯೋಜನ? ನಮ್ಮ ಸೈಕಾಲಜಿಸ್ಟ್ ಹತ್ತಿರ ಕಳಿಸಿದೆ.

ಆಪರೇಷನ್‌ಗೆ ಮೊದಲು ಎಲ್ಲರೂ ಇದೇ ಸೈಕಾಲಜಿಸ್ಟ್ ಹತ್ತಿರ ಹೋಗಿರುತ್ತಾರೆ. ಆದರೆ ಅದನ್ನು ಪಾಸು-ಫೇಲಿನ ಪರೀಕ್ಷೆ ಅಂದುಕೊಂಡು, ಖಿನ್ನತೆಗೆ ಮಾತ್ರೆ ತಗೊಳ್ಳೋದನ್ನೇ ಮುಚ್ಚಿಡುವವರಿದ್ದಾರೆ. ಅದರ ಅಗತ್ಯವೇ ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಶ್ಲೇಷಣೆಯೊಂದು 2016ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಪರೇಷನ್‌ಗೆ ಬರುವವರಲ್ಲಿ ಸುಮಾರು 19% ಜನರಿಗೆ ಖಿನ್ನತೆ ಇತ್ತು. ಹಾಗಂತ ಅವರ ತೂಕ ಕಮ್ಮಿ ಇಳಿಯುತ್ತದೆ ಅನ್ನೋದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ಮುಚ್ಚಿಟ್ಟರೇ ಅಪಾಯ ಜಾಸ್ತಿ. ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ, ತೂಕ ಇಳಿಸುವ ಇನ್ನೊಂದು ಬಗೆಯ ಆಪರೇಷನ್) ಆದಮೇಲೆ ಕೆಲವು ಮಾತ್ರೆಗಳು, ಅದರಲ್ಲೂ ನಿಧಾನವಾಗಿ ಕರಗುವಂಥವು, ಮೊದಲಿನಷ್ಟು ಮೈಗೆ ಹತ್ತದೇ ಇರಬಹುದು. ಲಿಥಿಯಂ ಅನ್ನೋ ಮಾನಸಿಕ ಕಾಯಿಲೆಯ ಮಾತ್ರೆ ತಗೊಳ್ಳುವವರಲ್ಲಿ ಉಲ್ಟಾ: ಮೈಯಲ್ಲಿ ನೀರು ಕಮ್ಮಿಯಾಗಿ, ರಕ್ತದಲ್ಲಿ ಅದರ ಮಟ್ಟ ವಿಷವಾಗುವಷ್ಟು ಏರಬಹುದು. ಮದ್ಯದ ವಿಷಯದಲ್ಲೂ ಎಚ್ಚರ ಬೇಕು. ಬೈಪಾಸ್ ಆದವರಿಗೆ ಒಂದು ಪೆಗ್ಗೇ ಬೇಗ ತಲೆಗೇರುತ್ತದೆ. ಅಮೆರಿಕದ ಅಧ್ಯಯನವೊಂದರಲ್ಲಿ ಕುಡಿತದ ಸಮಸ್ಯೆ ಹೆಚ್ಚಾಗಿದ್ದು ಮೊದಲ ವರ್ಷ ಅಲ್ಲ, ಎರಡನೇ ವರ್ಷ.

ಇನ್ನೊಂದು ವಿಷಯ ಹೇಳಲೇಬೇಕು. ಕೆನಡಾದ ಒಂಟಾರಿಯೋದಲ್ಲಿ 8,815 ಜನರನ್ನು ಆಪರೇಷನ್‌ಗೆ ಮುಂಚಿನ ಮೂರು ವರ್ಷ, ನಂತರದ ಮೂರು ವರ್ಷ ಗಮನಿಸಿದರು. ತಮಗೆ ತಾವೇ ಹಾನಿ ಮಾಡಿಕೊಂಡು ಎಮರ್ಜೆನ್ಸಿಗೆ ಬಂದ ಪ್ರಕರಣಗಳು ನಂತರ ಸುಮಾರು 50% ಜಾಸ್ತಿಯಾಗಿದ್ದವು. ಒಟ್ಟು ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆ, ಹೆದರಿ ಆಪರೇಷನ್ ಬಿಡಬೇಕಿಲ್ಲ. ಆದರೆ ಬಹುಪಾಲು ಪ್ರಕರಣಗಳು ಎರಡನೇ, ಮೂರನೇ ವರ್ಷದವು. ಹೆಚ್ಚಿನವರಿಗೆ ಮೊದಲೇ ಮಾನಸಿಕ ತೊಂದರೆ ಇತ್ತು. ಅವರ ತೂಕ ಚೆನ್ನಾಗೇ ಇಳಿದಿರಬಹುದು. ತೂಕದ ಮಷೀನು ಅಷ್ಟೇ ತಾನೇ ಹೇಳೋದು.

ಹಾಗಾಗಿ ನಮ್ಮ ಒಪಿಡಿಯಲ್ಲಿ ಎರಡನೇ ವರ್ಷ ಕೆಜಿಗಿಂತ ಮೊದಲು ನಿದ್ದೆ, ಮನಸ್ಸು, ಮನೆ ವಿಚಾರ ಕೇಳುತ್ತೇವೆ. ವಿಟಮಿನ್ ಬಿ12 ಪರೀಕ್ಷೆಯನ್ನೂ ಮಾಡಿಸುತ್ತೇವೆ. ಅದು ಕಮ್ಮಿಯಾದರೂ ಮಂಕು, ಸುಸ್ತು ಬರುತ್ತದೆ. ಸುಮ್ನೆ ಮನಸ್ಸಿನ ಮೇಲೆ ಹಾಕಿಬಿಡೋದು ಸರಿಯಲ್ಲ. ಬರುವಾಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ತನ್ನಿ, ಸಾಧ್ಯವಾದರೆ ಮನೆಯವರೊಬ್ಬರನ್ನು ಕರೆದುಕೊಂಡು ಬನ್ನಿ. ಮನಸ್ಸು ತೀರಾ ಕುಸಿದಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.