17ನೇ ಸಾಲಿನ ‘ಇಲ್ಲ’

“ಹಾಗಾದ್ರೆ ಇದೆಂತದು ಮಾರಾಯ್ರೆ?”

ಮೊನ್ನೆ ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಡೊಂಬಿವ್ಲಿ ಲೋಕಲ್‌ನಲ್ಲಿ ನೇತಾಡುವಾಗಲೂ ಅದೇ, ರಾತ್ರಿ ಅನ್ನ ಕಲಸುವಾಗಲೂ ಅದೇ. ಹೇಳಿದವರಿಗೆ ಅರವತ್ತರ ಹತ್ತಿರ. ಮುಂಬೈಯ ಫೋರ್ಟ್‌ನ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಲೆಕ್ಕಪತ್ರ ನೋಡುವ ಆಫೀಸು. ಮಾಲೀಕರು ಉಡುಪಿ ಕಡೆಯವರು, ಅರ್ಧ ಸಿಬ್ಬಂದಿಯೂ ಅಲ್ಲಿನವರೇ. ಇವರನ್ನು ಎಲ್ಲರೂ ಅಣ್ಣ ಎಂದೇ ಕರೆಯುತ್ತಾರೆ. ಮರಾಠಿ ಹುಡುಗಿಯರಿಗೂ ಅಣ್ಣನೇ.

ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳೋದು ನಮ್ಮ ಕಂಪನಿ. ಈ ಸಲದ ಕೆಲಸ ಅಂಥ ದೊಡ್ಡದೇನಲ್ಲ. 43 ಕಂಪ್ಯೂಟರ್. ಯಾವುದರಲ್ಲಿ ಯಾವ ಬ್ರೌಸರ್ ಇದೆ, ಯಾವ ವರ್ಷನ್, ಪಟ್ಟಿ ಕೊಡಿ ಎಂದು ಆಡಿಟರ್ ಕೇಳಿದ್ದರು. ಹಳೇ ಬ್ರೌಸರ್ ಉಳಿದರೆ ಕಳ್ಳರು ನುಗ್ಗುವ ಅದರ ತೂತುಗಳೂ ಉಳಿದಂತೆ, ಕೇಳಿದ್ದು ಸರಿಯೇ. ಮಾರ್ಚ್ ತಿಂಗಳ ಹಾಗೆ ಓಡುವ ಆಫೀಸಿನಲ್ಲಿ 43 ಜನರನ್ನು ಕುರ್ಚಿಯಿಂದ ಎಬ್ಬಿಸೋದು ಯಾರಿಗೆ ಬೇಕು? ವಿಂಡೋಸ್‌ಗೆ ಆಜ್ಞೆ ಬರೆದು ಕೊಡುವ ಪವರ್‌ಶೆಲ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ನನ್ನ ಕುರ್ಚಿಯಿಂದಲೇ ಒಂದೊಂದು ಕಂಪ್ಯೂಟರ್‌ನ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನೊಳಗೇ ಇಟ್ಟುಕೊಳ್ಳುವ ದಾಖಲೆ ಪುಸ್ತಕ, ತೆಗೆದು ನೋಡಿ, ಸಿಕ್ಕಿದ್ದನ್ನು ಎಕ್ಸೆಲ್‌ಗೆ ತುಂಬುವ ಸ್ಕ್ರಿಪ್ಟ್. ಹತ್ತು ನಿಮಿಷದಲ್ಲಿ ಮುಗಿಯಿತು. ಸ್ವಲ್ಪ ಜಂಬವೂ ಬಂತು ಅನ್ನಿ.

ಮೊದಲ ಸಲ ಓಡಿಸಿದಾಗ ಬಹುತೇಕ ಎಲ್ಲ ಕಡೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 9 ಎಂದು ಬಂದಿತ್ತು. ಎದೆ ಧಸಕ್ಕೆಂದಿತು. ವಿಂಡೋಸ್ 10ರಲ್ಲಿ 9 ಎಲ್ಲಿಂದ ಬರಬೇಕು? ಆಮೇಲೆ ನೆನಪಾಯಿತು. ರಿಜಿಸ್ಟ್ರಿಯಲ್ಲಿ ‘ವರ್ಷನ್’ ಎಂದು ಬರೆದ ಜಾಗದಲ್ಲಿ 9.11 ಎಂದೇ ಇರುತ್ತದೆ. ನಿಜವಾದ 11 ಇರುವುದು ಪಕ್ಕದ ‘ಎಸ್‌ವಿಸಿ ವರ್ಷನ್’ನಲ್ಲಿ. ಅದನ್ನು ಸರಿ ಮಾಡಿದೆ. 2022ರ ಜೂನ್ 15ಕ್ಕೇ ಮೈಕ್ರೋಸಾಫ್ಟ್ ವಿಂಡೋಸ್ 10ರಲ್ಲಿ ಆ ಬ್ರೌಸರ್‌ಗೆ ಕೈಮುಗಿದು ಕಳಿಸಿಕೊಟ್ಟಿದೆ. ಹೆಸರು ಮಾತ್ರ ರಿಜಿಸ್ಟ್ರಿಯಲ್ಲಿ ಬಿಡಾರ ಹೂಡಿ ಕೂತಿದೆ.

ಪಟ್ಟಿಯ 17ನೇ ಸಾಲು ಅಣ್ಣನ ಕಂಪ್ಯೂಟರ್. ಎಕ್ಸ್‌ಪ್ಲೋರರ್ ಇದೆ. ಎಡ್ಜ್ ಇದೆ. ಕ್ರೋಮ್: ಇಲ್ಲ.

ಅಲ್ಲಿನ ಮ್ಯಾನೇಜರ್ ಅದನ್ನು ಓದಿ ಅಣ್ಣನ ಹತ್ತಿರ ಹೋಗಿ ಏನೋ ಹೇಳಿದ್ದಾರೆ. ಎಲ್ಲವನ್ನೂ ಎಲ್ಲರೆದುರೇ ಹೇಳುವ ಮನುಷ್ಯ ಅವರು. ಅಣ್ಣ ಕನ್ನಡಕ ಹಣೆಗೇರಿಸಿ ನನ್ನನ್ನು ಕರೆದರು.

“ನನ್ನ ಕಂಪ್ಯೂಟರಲ್ಲಿ ಕ್ರೋಮ್ ಇಲ್ಲ ಅಂತ ಬರ್ದಿದ್ದೀರಂತೆ?”

ನಾನು ತಲೆ ಎತ್ತಲೂ ಇಲ್ಲ. “ಸ್ಕ್ರಿಪ್ಟ್ ಸುಳ್ಳು ಹೇಳಲ್ಲ ಅಣ್ಣ. ನೀವು ನೋಡ್ತಿರೋದು ಎಡ್ಜ್ ಇರ್ಬೇಕು. ಎರಡೂ ಒಂದೇ ಥರ ಕಾಣ್ತವೆ.”

ಅವರು ಮಾನಿಟರನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿಸಿದರು. ಜಿಎಸ್‌ಟಿ ಪೋರ್ಟಲ್ ತೆರೆದಿತ್ತು. ಪಕ್ಕದಲ್ಲಿ ಲೆಕ್ಕವಿಲ್ಲದಷ್ಟು ಟ್ಯಾಬ್. ಕೆಳಗೆ ಕೆಂಪು, ಹಳದಿ, ಹಸಿರಿನ ಆ ಚಕ್ರ, ನಡುವೆ ನೀಲಿ ಬೊಟ್ಟು.

“ಹಾಗಾದ್ರೆ ಇದೆಂತದು ಮಾರಾಯ್ರೆ?”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ. ಮಗು ಕೈಯಲ್ಲಿ ಹಿಡಿದ ಕಪ್ಪೆಚಿಪ್ಪು ತೋರಿಸಿ ಕೇಳುವ ಹಾಗೆ ಕೇಳಿದರು.

ಆಗಿದ್ದು ಇಷ್ಟು. ಕ್ರೋಮನ್ನು ಎರಡು ಥರ ಹಾಕಬಹುದು. ಅಡ್ಮಿನ್, ಅಂದರೆ ಕಂಪ್ಯೂಟರ್‌ನ ಉಸ್ತುವಾರಿಯ, ಪಾಸ್‌ವರ್ಡ್ ಕೊಟ್ಟು ಹಾಕಿದರೆ ಪ್ರೋಗ್ರಾಂ ಫೈಲ್ಸ್‌ನಲ್ಲಿ ಕೂರುತ್ತದೆ, ಎಲ್ಲರಿಗೂ ಸೇರಿದ್ದಾಗುತ್ತದೆ. ಪಾಸ್‌ವರ್ಡ್ ಇಲ್ಲ ಎಂದರೂ ಅದೇನು ಬಿಟ್ಟುಹೋಗುವುದಿಲ್ಲ. ಅಡ್ಮಿನ್ ಇಲ್ಲದೆಯೇ ಹಾಕಲಾ ಅಂತ ಕೇಳುತ್ತದೆ. ಹೂಂ ಎಂದರೆ ಆ ಒಬ್ಬರ ಹೆಸರಿನ ಫೋಲ್ಡರ್‌ನೊಳಗೆ, ಆಪ್‌ಡೇಟಾ ಎಂಬ ಒಳಕೋಣೆಯಲ್ಲಿ ಹೋಗಿ ಕೂರುತ್ತದೆ. ಆ ಕೋಣೆ ಸಾಮಾನ್ಯವಾಗಿ ಕಣ್ಣಿಗೂ ಕಾಣುವುದಿಲ್ಲ. ರಿಜಿಸ್ಟ್ರಿಯಲ್ಲೂ ಅವರ ಖಾಸಗಿ ಭಾಗದಲ್ಲಿ ಮಾತ್ರ ಅದರ ಗುರುತು. ನನ್ನ ಸ್ಕ್ರಿಪ್ಟ್ ಓಡಿದ್ದು ಅಡ್ಮಿನ್ ಹೆಸರಿನಲ್ಲಿ. ಅದು ನೋಡಿದ್ದು ಎಲ್ಲರಿಗೂ ಸೇರಿದ ಜಗಲಿಯನ್ನು, ಮತ್ತೆ ಅಡ್ಮಿನ್‌ನ ಸ್ವಂತ ಕೋಣೆಯನ್ನು. ಅಣ್ಣನ ಕೋಣೆಯ ಬಾಗಿಲನ್ನು ಅದು ತಟ್ಟಲೇ ಇಲ್ಲ. ತಟ್ಟು ಅಂತ ನಾನು ಬರೆದಿರಲೂ ಇಲ್ಲ.

“ಎರಡು ವರ್ಷದ ಹಿಂದೆ ನಿಮ್ಮವರಿಗೆ ನಾಲ್ಕು ಸಲ ಫೋನ್ ಮಾಡಿದೆ. ಬರ್ಲಿಲ್ಲ. ರಿಟರ್ನಿನ ಕೊನೇ ದಿನ ಬೇರೆ. ನಾನೇ ಹಾಕಿಕೊಂಡೆ” ಅಂದರು ಅಣ್ಣ.

ನಿಮ್ಮವರು ಅಂದರೆ ನಮ್ಮ ಕಂಪನಿಯೇ. ನಾನು ಸುಮ್ಮನೆ ಕೀಬೋರ್ಡ್ ನೋಡಿದೆ.

ಅಲ್ಲೇ ಕೂತು ಅವರ ಫೋಲ್ಡರ್ ತೆಗೆದೆ. ಕ್ರೋಮ್ ಇತ್ತು. ಪಕ್ಕದಲ್ಲಿ ‘ನ್ಯೂ ಕ್ರೋಮ್’ ಎಂಬ ಇನ್ನೊಂದು ಫೈಲ್. ಹೊಸ ವರ್ಷನ್ ತಾನಾಗಿಯೇ ಬಂದು, ಇವರು ಬ್ರೌಸರ್ ಮುಚ್ಚಿ ತೆಗೆಯಲಿ ಎಂದು ಕಾಯುತ್ತಿತ್ತು. ಇವರು ಮುಚ್ಚುವವರೇ ಅಲ್ಲ. “ಮುಚ್ಚಿದ್ರೆ ಅರ್ಧ ತುಂಬಿದ್ದು ಹೋಗ್ತದೆ” ಅಂತ ಹೆದರಿಕೆ. ತುಂಬಿದ್ದನ್ನು ಸೇವ್ ಮಾಡಿಸಿ, ಮುಚ್ಚಿ ತೆಗೆಸಿದೆ. ಅವರಿಗೆ ಅಷ್ಟೇನೂ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಮಧ್ಯಾಹ್ನ ಕೆಳಗಿನ ಹೋಟೆಲಿಗೆ ಅವರೇ ಕರೆದುಕೊಂಡು ಹೋದರು. ಕಾಫಿ ಬರುವಷ್ಟರಲ್ಲಿ ಮಾಳಿಗೆ ಕಡೆ ಬೆರಳು ತೋರಿಸಿದರು. “ಇಂಥದ್ದರಲ್ಲೇ ಮಲಗ್ತಿದ್ದೆವು ನಾವು.” ಹದಿಮೂರಕ್ಕೆ ಊರು ಬಿಟ್ಟು ಬಂದವರು. ಹಗಲು ಟೇಬಲ್ ಒರೆಸೋದು, ರಾತ್ರಿ ಇದೇ ಫೋರ್ಟ್‌ನಲ್ಲಿ ಕನ್ನಡ ರಾತ್ರಿ ಶಾಲೆ. ಹೋಟೆಲ್ ಹುಡುಗರಿಗೆಂದೇ ಮುಂಬೈಯಲ್ಲಿ ನಡೆದ ಶಾಲೆಗಳು ಅವು. ಇವರು ಅಲ್ಲೇ ಎಸ್‌ಎಸ್‌ಸಿ ಮುಗಿಸಿ, ಆಮೇಲೆ ಬಿಕಾಂ ಮಾಡಿದರು.

“ರೇಷನ್ ಕಾರ್ಡಲ್ಲಿ ಹೆಸರು ಬರ್ಲಿಕ್ಕೆ 11 ವರ್ಷ ಹಿಡೀತು. ಅಲ್ಲಿವರೆಗೆ ಇಲ್ಲಿಯ ಯಾವ ಕಾಗದದಲ್ಲೂ ನಾನಿರ್ಲಿಲ್ಲ. ನಮ್ಮ ಧಣಿಗಳ ಕಾರ್ಡಲ್ಲಿ ಅವರ ತೀರಿಹೋದ ಅಪ್ಪನ ಹೆಸರು ಮಾತ್ರ ಇತ್ತು” ಅಂದು ನಕ್ಕರು. ಕ್ರೋಮ್ ವಿಷಯ ಅವರು ಅಲ್ಲಿ ಎತ್ತಲೇ ಇಲ್ಲ. ನನಗೆ ಮಾತ್ರ ಎಕ್ಸ್‌ಪ್ಲೋರರ್ ನೆನಪಾಗಿ ಕಾಫಿ ಗಂಟಲಲ್ಲೇ ನಿಂತಿತು.

ನಾನು ಈ ಊರಿಗೆ ಬಂದು 14 ವರ್ಷ. ಬರುವಾಗಲೇ ಕೈಯಲ್ಲಿ ಆಧಾರ್ ಇತ್ತು, ಕಂಪನಿಯ ಪತ್ರವಿತ್ತು. ಯಾವ ಪಟ್ಟಿಯಲ್ಲೂ ನನ್ನ ಹೆಸರು ತಪ್ಪಿಲ್ಲ. ಅದಕ್ಕೇ ಇರಬೇಕು, ಪಟ್ಟಿ ‘ಇಲ್ಲ’ ಅಂದರೆ ಇಲ್ಲ ಅಂತಲೇ ನನ್ನ ಕೈ ಟೈಪ್ ಮಾಡುತ್ತದೆ. ಎದುರಿಗೆ ಮನುಷ್ಯ ಕೂತು ರಿಟರ್ನ್ ತುಂಬುತ್ತಿದ್ದರೂ!

ಬುಧವಾರ ಸ್ಕ್ರಿಪ್ಟ್ ತಿದ್ದಿದೆ. ಈಗ ಅದು ಪ್ರತಿ ಕಂಪ್ಯೂಟರ್‌ನಲ್ಲೂ ಪ್ರತಿಯೊಬ್ಬರ ಫೋಲ್ಡರ್‌ಗೂ ಹೋಗಿ ನೋಡುತ್ತದೆ. ಇನ್ನೂ ಆರು ಕಡೆ ಕ್ರೋಮ್ ಸಿಕ್ಕಿತು, ಎರಡು ಕಡೆ ಫೈರ್‌ಫಾಕ್ಸ್. ಜತೆಗೆ ಒಂದು ಸಣ್ಣ ಬದಲಾವಣೆ ಮಾಡಿದೆ. ‘ಇಲ್ಲ’ ಎಂದು ಬರುತ್ತಿದ್ದ ಕಡೆಯೆಲ್ಲ ‘ಕಾಣಲಿಲ್ಲ’ ಎಂದು ಬರುವಂತೆ ಹಾಕಿದೆ.

ನಿನ್ನೆ ಮ್ಯಾನೇಜರ್ ಫೋನ್. “ಕಾಣಲಿಲ್ಲ ಅಂದ್ರೆ ಆಡಿಟರ್ ಮತ್ತೆ ಪ್ರಶ್ನೆ ಕೇಳ್ತಾರೆ. ಮೊದಲಿನ ಹಾಗೆ ಇಲ್ಲ ಅಂತಲೇ ಮಾಡಿ ಕಳಿಸಿ, ಅಲ್ವಾ?”

31ನೇ ಸಾಲು ಗೋಡೌನ್ ಪಕ್ಕದ ಕೋಣೆಯ ಕಂಪ್ಯೂಟರ್. ಪ್ರತಿ ಬ್ರೌಸರ್‌ನ ಕಾಲಂನಲ್ಲೂ ‘ಕಾಣಲಿಲ್ಲ’ ಎಂದೇ ಬಂದಿದೆ. ಅದನ್ನು ಯಾರೂ ಬಳಸುವುದಿಲ್ಲ ಅಂತಾರೆ ಅವರು. ಸೋಮವಾರ ಒಮ್ಮೆ ಹೋಗಿ ನೋಡಿ ಬರುತ್ತೇನೆ ಅಂದಿದ್ದೇನೆ.