ದೊಡ್ಡಪ್ಪನ ಕೈಗೆ ಸಿಕ್ಕ ತೆಳು ಪುಸ್ತಕ

ಬದುಕು ಬದಲಿಸಿದ ಪುಸ್ತಕ ಯಾವುದು ಅಂತ ಕೇಳಿದರೆ ಹೆಚ್ಚಿನವರು ಕಾದಂಬರಿಯನ್ನೋ ಆತ್ಮಕಥೆಯನ್ನೋ ಹೆಸರಿಸುತ್ತಾರೆ. ನನಗೆ ಮೊದಲು ನೆನಪಾಗುವುದು ಕಾರ್ಮಿಕ ಕಾನೂನಿನ ಒಂದು ತೆಳು ಕನ್ನಡ ಪುಸ್ತಕ. ಅದು ಬದಲಿಸಿದ್ದು ನನ್ನ ದೊಡ್ಡಪ್ಪನ ಬದುಕನ್ನು.

ದೊಡ್ಡಪ್ಪ ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ 22 ವರ್ಷ ಸೀರೆ ಬಿಚ್ಚಿ ತೋರಿಸಿದವರು. ಮೊಣಕಾಲು ನೋವು ಜಾಸ್ತಿಯಾಗಿ, ಗಾದಿ ಮೇಲೆ ಕೂತು ಏಳುವುದು ಆಗದೆ ಕೆಲಸ ಬಿಟ್ಟರು. ಅಂಗಡಿಯವರು ಆ ತಿಂಗಳ ಸಂಬಳ, ಒಂದು ಶಾಲು, ಒಂದು ಸ್ವೀಟ್ ಬಾಕ್ಸ್ ಕೊಟ್ಟು ಕಳಿಸಿದರು. "ಇನ್ನೇನೋ ಬರಬೇಕಿತ್ತು ಅನ್ನಿಸ್ತದೆ. ಆದ್ರೆ ಏನಂತ ಕೇಳಲಿ?" ಅಂತ ದೊಡ್ಡಮ್ಮನ ಹತ್ತಿರ ಆಗಾಗ ಅನ್ನುತ್ತಿದ್ದರು. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಗಿರಣಿಯವರಿಗೆ ಯೂನಿಯನ್ ಇತ್ತು, ಕೇಳಿದರೆ ಹೇಳುವವರಿದ್ದರು. ಜವಳಿ ಅಂಗಡಿಯ ಸೇಲ್ಸ್‌ಮನ್‌ಗೆ ಯಾರು ಹೇಳಬೇಕು?

ಒಂದು ದಿನ ನಾನು ಪರೀಕ್ಷೆಗೆ ಓದಲು ಲೈಬ್ರರಿಗೆ ಹೊರಟಾಗ, ಮನೆಯಲ್ಲಿ ಸುಮ್ನೆ ಕೂರಲಾರದೆ ಅವರೂ ಬಂದರು. ಪೇಪರ್ ಓದಿ ಮುಗಿಸಿ ಕಪಾಟಿನ ಮುಂದೆ ಓಡಾಡುತ್ತಿದ್ದವರು ಸ್ವಲ್ಪ ಹೊತ್ತಿಗೆ ನನ್ನ ಮೇಜಿಗೆ ಬಂದರು. ಕೈಯಲ್ಲಿ ರಟ್ಟು ಕಿತ್ತುಹೋದ ಆ ಪುಸ್ತಕ. ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ಮಾಲೀಕರು ಕೊಡಬೇಕಾದ ಹಣದ, ಪುಟದ ಮೇಲೆ ಬೆರಳಿಟ್ಟಿದ್ದರು.

"ಇದು ನಮ್ಮಂಥೋರಿಗೂ ಐತೇನಪ್ಪಾ?"

ಓದಿದೆ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗೂ ಕಾನೂನು ಅನ್ವಯಿಸುತ್ತದೆ. ಐದು ವರ್ಷ ಬಿಡದೆ ದುಡಿದವರು ತಾವಾಗಿಯೇ ರಾಜೀನಾಮೆ ಕೊಟ್ಟರೂ ಹಣ ಬರಬೇಕು. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಆಗ ಇದ್ದ ಕಾಯ್ದೆ 1972ರದ್ದು. ದೊಡ್ಡಪ್ಪ ಅಂಗಡಿ ಸೇರುವ ಎಷ್ಟೋ ವರ್ಷ ಮೊದಲೇ ಬಂದಿತ್ತು.

ಪುಟದ ಅಂಚಿನಲ್ಲಿ ಯಾರೋ ಹಿಂದೆ ಓದಿದವರು ಪೆನ್ಸಿಲ್‌ನಲ್ಲಿ ತಮ್ಮ ಲೆಕ್ಕ ಮಾಡಿಕೊಂಡಿದ್ದರು. ಸಂಬಳ ಸಾವಿರವೂ ಮುಟ್ಟದ ಕಾಲದ್ದು. ಉತ್ತರದ ಕೆಳಗೆ ಎರಡು ಗೆರೆ, ಒತ್ತಿ ಎಳೆದದ್ದು. ಯಾವ ಗಿರಣಿಯವರೋ, ಯಾವ ಅಂಗಡಿಯವರೋ. ಲೈಬ್ರರಿ ಪುಸ್ತಕದಲ್ಲಿ ಗೀಚಬಾರದು, ನಿಜ. ಆದರೆ ಆ ಗೀಚು ನೋಡಿಯೇ ದೊಡ್ಡಪ್ಪನಿಗೆ ಧೈರ್ಯ ಬಂತು. ನನ್ನ ನೋಟ್‌ಬುಕ್ ಎಳೆದುಕೊಂಡು ತಾವೇ ಬರೆದರು. ಸಂಬಳ 13,000. ವರ್ಷಕ್ಕೆ 7,500. ಒಟ್ಟು 1,65,000 ರೂಪಾಯಿ. ಎರಡು ಸಲ ಕೂಡಿ ಕಳೆದು ನೋಡಿದರು.

1904ರಲ್ಲಿ ಗಾಂಧೀಜಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ರೈಲಿನಲ್ಲಿ ಹೊರಟಾಗ ಗೆಳೆಯ ಪೋಲಾಕ್ ಸ್ಟೇಷನ್ನಿಗೆ ಬಂದು ಇಂಗ್ಲಿಷ್ ಲೇಖಕ ರಸ್ಕಿನ್‌ನ 'ಅನ್‌ಟು ದಿಸ್ ಲಾಸ್ಟ್' ಪುಸ್ತಕ ಕೊಟ್ಟಿದ್ದರು. ಆ ರಾತ್ರಿ ಗಾಂಧೀಜಿಗೆ ನಿದ್ದೆ ಹತ್ತಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಅಂತ ಅದರಿಂದ ಕಲಿತರು, ಅದೇ ವರ್ಷ ಫೀನಿಕ್ಸ್ ಆಶ್ರಮ ಕಟ್ಟಿದರು. ತಮ್ಮೊಳಗೆ ಆಗಲೇ ಬೇರೂರಿದ್ದ ನಂಬಿಕೆಗಳೇ ಆ ಪುಸ್ತಕದಲ್ಲಿ ಕಂಡವು ಅಂತ ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ಮಾತು ನನಗೆ ತುಂಬಾ ನಿಜ ಅನ್ನಿಸುತ್ತದೆ. ದೊಡ್ಡಪ್ಪನಲ್ಲೂ ಪ್ರಶ್ನೆ ಮೊದಲೇ ಇತ್ತು. ಅದೇ ಕಪಾಟಿನ ಮುಂದೆ ನಾನು ಎಷ್ಟೋ ಸಲ ಹಾದು ಹೋಗಿದ್ದೆ. ನನಗೆ ಆ ಪುಸ್ತಕ ಕಣ್ಣಿಗೇ ಬಿದ್ದಿರಲಿಲ್ಲ, ಅಲ್ವಾ?

ಅರ್ಜಿಯನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆವು. "ಅದೆಲ್ಲ ಫ್ಯಾಕ್ಟರಿಗಳಿಗೆ, ಅಂಗಡಿಗಲ್ಲ" ಅಂತ ಫೋನ್ ಬಂತು. ಆಮೇಲೆ ಕಾರ್ಮಿಕ ಇಲಾಖೆಯ ಕಚೇರಿಗೆ ಓಡಾಟ, ನೋಟಿಸು, ಕಾಯುವುದು. ಕೊನೆಗೆ ಮಾಲೀಕರೇ ಮಾತಾಡಲು ಕರೆದರು. ನಾನೂ ಜೊತೆಗೆ ಹೋಗಿದ್ದೆ. ಇಷ್ಟು ವರ್ಷದಲ್ಲಿ ದೊಡ್ಡಪ್ಪ ಅವರ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತದ್ದು ಅವತ್ತೇ ಮೊದಲು. ದನಿ ಏರಿಸಲಿಲ್ಲ. ಕಿಸೆಯಿಂದ ಚೀಟಿ ತೆಗೆದು ಲೆಕ್ಕ ಓದಿದರು, ಅಷ್ಟೇ. ಹಣ ಎರಡು ಕಂತಿನಲ್ಲಿ ಬಂತು.

ಅದರಲ್ಲಿ ಮೊಣಕಾಲಿಗೆ ಚಿಕಿತ್ಸೆ ಆಯಿತು, ಕೈಸಾಲ ತೀರಿತು. ಆದರೆ ಬದುಕು ಬದಲಾಯಿತು ಅಂತ ನಾನು ಹೇಳುವುದು ದುಡ್ಡಿಗಲ್ಲ. ಮೊದಲು ಸರ್ಕಾರಿ ಕಾಗದ ಬಂದರೆ ಓದದೆ ನನ್ನ ಕೈಗೆ ಕೊಡುತ್ತಿದ್ದವರು ಈಗ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೆ ತಾವೇ ಓದುತ್ತಾರೆ. ಓಣಿಯವರೂ ಬಂದು ಕೇಳುತ್ತಾರೆ. ಮೊನ್ನೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಬೇರೆ ಅಂಗಡಿಯಲ್ಲಿ ಒಂಬತ್ತು ವರ್ಷ ಬಿಲ್ ಬರೆಯುತ್ತಿದ್ದವಳು, ಈಗಷ್ಟೇ ಕೆಲಸ ಬಿಟ್ಟಿದ್ದಾಳೆ. ಸಂಬಳದ ಚೀಟಿ ಯಾವತ್ತೂ ಕೊಟ್ಟಿಲ್ಲ, ಬ್ಯಾಂಕಿಗೆ ಹಾಕುತ್ತಿದ್ದರು ಅಂದಳು.

"ಪಾಸ್‌ಬುಕ್ ಐತಲ್ಲ? ನಾಳೆ ತಗೊಂಡು ಬಾರವ್ವ, ಕೂತು ಲೆಕ್ಕ ಹಾಕೋಣ" ಅಂದರು ದೊಡ್ಡಪ್ಪ.