ಬೇರೆಯವರ ದನಿಯಲ್ಲಿ: ನಮ್ಮ ಬರಹ ಕೂಟದ ಹತ್ತೊಂಬತ್ತು ಸಭೆಗಳು

ಸಭೆ 1

ಎಂಟು ಕುರ್ಚಿ ಹಾಕಿಸಿದ್ದೆ, ಹದಿನಾಲ್ಕು ಜನ ಬಂದರು. ಪರಿಚಯಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಏನು ಬರೆಯುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಬರೆಯುವುದನ್ನು ಯಾವಾಗ ಬಿಟ್ಟೆವು ಎಂದು ಹೇಳತೊಡಗಿದರು. ನೌಕರಿ, ಮಕ್ಕಳು, ಕಾಯಿಲೆ, ಎಂದೋ ಯಾರೋ ನಕ್ಕಿದ್ದು. ಆ ಕೊನೆಯ ಕಾರಣವನ್ನು ಮೂವರು ಹೇಳಿದರು. ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡೆ, ಮರೆಯಬಾರದು ಅಂತ.

ಆಮೇಲೆ ಹತ್ತು ನಿಮಿಷದ ತಡೆಯಿಲ್ಲದ ಬರಹ. ಪೆನ್ನು ಎತ್ತುವಂತಿಲ್ಲ, ಅಳಿಸುವಂತಿಲ್ಲ. ಏನೂ ಹೊಳೆಯದಿದ್ದರೆ ‘ಏನೂ ಹೊಳೆಯುತ್ತಿಲ್ಲ’ ಎಂದೇ ಬರೆಯುತ್ತಾ ಹೋಗಬೇಕು. ಬರಹ ಕಲಿಸುತ್ತಿದ್ದ ಅಮೆರಿಕದ ಪೀಟರ್ ಎಲ್ಬೋ 1973ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ಬಲವಾಗಿ ಪ್ರತಿಪಾದಿಸಿದ್ದರು. ಬರೆಯುವಾಗಲೇ ತಿದ್ದಲು ಕೂತರೆ ಎರಡೂ ಕೆಡುತ್ತವೆ ಎನ್ನುವುದು ಅವರ ವಾದ. ನಾಲ್ಕನೇ ನಿಮಿಷದ ಹೊತ್ತಿಗೆ ಕೋಣೆಯಲ್ಲಿ ಪೆನ್ನಿನ ಸದ್ದು ಮಾತ್ರ ಉಳಿಯಿತು. ಆ ಸದ್ದಿಗಾಗಿಯೇ ಈ ಕೂಟ ಮಾಡಿದೆ ಅನ್ನಿಸಿತು.

ಸಭೆ 2ರಿಂದ 4

ಹದಿನಾಲ್ಕು ಹನ್ನೊಂದಾಯಿತು, ಹನ್ನೊಂದು ಏಳಾಯಿತು. ವಾರ ವಾರ ಸೇರುವುದು ಹೆಚ್ಚಾಯಿತು, ಬರೆಯುವುದಕ್ಕೇ ಪುರುಸೊತ್ತು ಸಿಗುವುದಿಲ್ಲ ಎಂದರು. ಎರಡು ವಾರಕ್ಕೊಮ್ಮೆ ಎಂದು ಬದಲಾಯಿಸಿದೆ. ಬೇರೆ ಹೇಳುವಂಥದ್ದೇನೂ ಇಲ್ಲ.

ಸಭೆ 5

ಇದನ್ನು ಬರೆದಿಡಲು ಮನಸ್ಸಿಲ್ಲ. ಆದರೂ ಬರೆದಿಡಬೇಕು.

ಒಬ್ಬಾಕೆ ಮೊದಲ ಸಲ ಕತೆ ತಂದಿದ್ದರು, ಆರು ಪುಟ. ತಾವೇ ಓದಿದರು. ತಲೆ ಎತ್ತದೆ, ಅವಸರವಾಗಿ, ವಾಕ್ಯದ ಕೊನೆಯನ್ನು ನುಂಗುತ್ತಾ ಓದಿದರು. ಮುಗಿಸಿದ ಕೂಡಲೇ ಒಬ್ಬರು ‘ಇದು ನಿಮ್ಮದೇ ಅನುಭವವಾ?’ ಎಂದು ಕೇಳಿದರು. ಆಕೆ ಹೌದು ಎನ್ನಲಾರದೆ, ಅಲ್ಲ ಎನ್ನಲಾರದೆ ತಡವರಿಸಿದರು. ಮತ್ತೊಬ್ಬರು ಸಮಾಧಾನ ಹೇಳಲು ಶುರು ಮಾಡಿದರು. ಮೂರನೆಯವರು ಕತೆ ಹೇಗೆ ಮುಗಿಯಬೇಕಿತ್ತು ಎಂದು ತಮ್ಮದೇ ಕತೆ ಹೇಳಿದರು. ಆಮೇಲೆ ನಾನು ಬಾಯಿ ತೆರೆದೆ. ಮೊದಲ ಎರಡು ಪುಟ ಬೇಕಾಗಿಲ್ಲ ಎಂದೆ. ಅದು ಸರಿಯಾದ ಮಾತೇ ಇರಬಹುದು. ಆದರೆ ಆ ಹೊತ್ತಿಗೆ ಆಕೆ ಕತೆಯನ್ನಲ್ಲ, ತಮ್ಮನ್ನೇ ಕಾಪಾಡಿಕೊಳ್ಳುತ್ತಿದ್ದರು. ಪ್ರತಿ ಮಾತಿಗೂ ವಿವರಣೆ ಕೊಡುತ್ತಾ ಕೊಡುತ್ತಾ ದನಿ ಸಣ್ಣದಾಯಿತು. ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು.

ಮುಂದಿನ ಸಭೆಗೆ ಬರಲಿಲ್ಲ. ಪತ್ರ ಬರೆದೆ. ಎರಡು ಸಾಲಿನ ಉತ್ತರ ಬಂತು, ತುಂಬ ಸೌಜನ್ಯದ ಎರಡು ಸಾಲು.

ಸಭೆ 6

ಓದಿನ ಸರದಿ ನಿಲ್ಲಿಸಿ, ಇಡೀ ಸಭೆಯನ್ನು ಹೇಗೆ ಕೇಳಬೇಕು ಎಂಬ ಮಾತಿಗೇ ಇಟ್ಟೆ. ನಾನು ಓದಿಕೊಂಡು ಬಂದದ್ದನ್ನು ಎಲ್ಲರ ಮುಂದಿಟ್ಟೆ.

1956ರಲ್ಲಿ ಡೇಮನ್ ನೈಟ್ ಮತ್ತು ಗೆಳೆಯರು ಅಮೆರಿಕದ ಮಿಲ್ಫರ್ಡ್ ಎಂಬ ಊರಿನಲ್ಲಿ ವಿಜ್ಞಾನ ಕತೆಗಾರರ ಕಮ್ಮಟವೊಂದನ್ನು ಶುರು ಮಾಡಿದರು. ಆ ಹೆಸರಿನಿಂದಲೇ ಕರೆಯುವ ಪದ್ಧತಿ ಸರಳ: ಸುತ್ತ ಕೂತವರು ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ, ಬರೆದವರು ಕೊನೆಯವರೆಗೆ ಸುಮ್ಮನಿದ್ದು ಆಮೇಲೆ ಉತ್ತರಿಸುತ್ತಾರೆ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ರೂಪಿಸಿದ ಕ್ರಮ ಬೇರೆ ಥರ. ಮೊದಲು ನೋಡಿದವರು ತಮಗೆ ತಟ್ಟಿದ್ದನ್ನು ಹೇಳಬೇಕು. ಆಮೇಲೆ ಕಲಾವಿದರೇ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ತಮ್ಮ ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳಬಹುದು. ಅಭಿಪ್ರಾಯದ ಸರದಿ ಕೊನೆಗೆ, ಅದೂ ‘ಇದರ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಹೇಳಲಾ?’ ಎಂದು ಒಪ್ಪಿಗೆ ಪಡೆದ ಮೇಲೆ.

ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುವುದು ನಮಗೆ ಬಹಳ ಕಷ್ಟವಾಯಿತು. ‘ಅಣ್ಣ ಯಾಕೆ ಅಷ್ಟು ಬೇಗ ಒಪ್ಪಿಕೊಂಡ?’ ಎನ್ನುವುದು ಪ್ರಶ್ನೆಯ ವೇಷದ ದೂರು. ‘ಒಪ್ಪಿಕೊಳ್ಳುವಾಗ ಅಣ್ಣನ ಮನಸ್ಸಿನಲ್ಲಿ ಏನಿತ್ತು?’ ಎನ್ನುವುದು ಪ್ರಶ್ನೆ. ಇದನ್ನೇ ಅರ್ಧ ಗಂಟೆ ಅಭ್ಯಾಸ ಮಾಡಿದೆವು.

ಇನ್ನೊಂದು ಕಟ್ಟುಪಾಡನ್ನು ಅಮೆರಿಕದ ಬರಹಗಾರ್ತಿ ಪ್ಯಾಟ್ ಶ್ನೈಡರ್ ಅವರ ಕಮ್ಮಟಗಳಿಂದ ತೆಗೆದುಕೊಂಡೆವು. ಓದಿದ್ದೆಲ್ಲವನ್ನೂ ಕಲ್ಪನೆ ಎಂದೇ ತಿಳಿಯಬೇಕು. ‘ನೀವು’ ಎನ್ನಬಾರದು, ‘ಕತೆ ಹೇಳುವವರು’ ಎನ್ನಬೇಕು. ‘ನಿಮ್ಮ ತಾಯಿ’ ಅಲ್ಲ, ‘ಈ ಕತೆಯ ತಾಯಿ’. ಐದನೇ ಸಭೆಯಲ್ಲಿ ಈ ಒಂದು ಮಾತು ನಮಗೆ ಗೊತ್ತಿದ್ದಿದ್ದರೆ!

ಸಭೆ 7 ಮತ್ತು 8

ಲೆಕ್ಕ ಕೂರಿಸಿದೆವು. ಈಗ ಖಾಯಂ ಆಗಿ ಒಂಬತ್ತು ಜನ. ಎರಡು ಗಂಟೆಯ ಸಭೆಗೆ ಮೂರು ಬರಹ. ಒಂದೊಂದಕ್ಕೆ 35 ನಿಮಿಷ: ಓದಲು ಎಂಟು, ಉಳಿದ ಎಂಟು ಜನಕ್ಕೆ ತಲಾ ಎರಡು ನಿಮಿಷದಂತೆ ಹದಿನಾರು, ಬರೆದವರಿಗೆ ಐದು, ಮಿಕ್ಕಿದ್ದು ಉಸಿರಾಡಲು. ಹೀಗೆ ಮಾಡಿದರೆ ಪ್ರತಿಯೊಬ್ಬರಿಗೂ ಆರು ವಾರಕ್ಕೊಮ್ಮೆ ಸರದಿ ಬರುತ್ತದೆ. ಎಂಟು ನಿಮಿಷದಲ್ಲಿ ನೆಮ್ಮದಿಯಾಗಿ ಓದಲು ಆಗುವುದು ಸುಮಾರು 700 ಪದ ಎಂದು ನಮ್ಮ ಗಡಿಯಾರ ಹೇಳಿತು. ಅದೇ ಮಿತಿಯಾಯಿತು. ಹೆಚ್ಚು ಬರೆದವರು ಯಾವ ಭಾಗ ಓದಿಸಬೇಕು ಎಂದು ತಾವೇ ಆರಿಸಬೇಕು. ಆ ಆಯ್ಕೆಯಲ್ಲೇ ಅರ್ಧ ತಿದ್ದುಪಡಿ ಆಗಿಹೋಗುತ್ತದೆ.

ಹಾಳೆಯ ವಿಷಯ. ಸಾಲುಗಳಿಗೆ ಸಂಖ್ಯೆ ಹಾಕಬೇಕು, ಇಲ್ಲವಾದರೆ ‘ಆ ಕಿಟಕಿ ಬರುತ್ತಲ್ಲ, ಅಲ್ಲಿ’ ಎಂದು ಹುಡುಕುವುದರಲ್ಲೇ ಎರಡು ನಿಮಿಷ ಹೋಗುತ್ತದೆ. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಬೇಕು, ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತವೆ. ಹಳೆಯ ಫಾಂಟಿನಲ್ಲಿ ಟೈಪಿಸಿ ಕಳಿಸಿದ ಕಡತ ಬೇರೆಯವರ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತದೆ. ಎಲ್ಲರೂ ಯೂನಿಕೋಡಿಗೆ ಬಂದ ಮೇಲೆ ಆ ಗೋಳು ತಪ್ಪಿತು.

ಸಭೆ 9

ಇವತ್ತು ನಡೆದದ್ದು ಆಕಸ್ಮಿಕ. ಗಣಿತದ ಮೇಷ್ಟರಾಗಿ ನಿವೃತ್ತರಾದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಗಂಟಲು ಕಟ್ಟಿತ್ತು, ಅವರ ಕತೆಯನ್ನು ಪಕ್ಕದಲ್ಲಿದ್ದ ಕಾಲೇಜು ಹುಡುಗ ಓದಿದ. ಅವನಿಗೆ ಕತೆ ಹೊಸದು. ಹನ್ನೆರಡನೇ ಸಾಲಿನಲ್ಲಿ ಗಾಡಿ ಹೊಡೆಯುವವನೊಬ್ಬ ‘ನೀವು ಎಲ್ಲಿಗೆ ಹೋಗುತ್ತಿರುವಿರಿ?’ ಎಂದು ಕೇಳುತ್ತಾನೆ. ಹಾಳೆಯಲ್ಲಿ ಇದ್ದದ್ದು ಹಾಗೆ. ಹುಡುಗ ಓದಿದ್ದು ‘ಎಲ್ಲಿಗ್ ಹೋಗ್ತಿದೀರಿ?’ ಬದಲಾಯಿಸಿದೆ ಎನ್ನುವುದು ಅವನಿಗೇ ಗೊತ್ತಾಗಲಿಲ್ಲ. ಮೇಷ್ಟರು ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದುಕೊಂಡರು. ಕತೆ ಮುಗಿಯುವಷ್ಟರಲ್ಲಿ ಇನ್ನೂ ಹನ್ನೊಂದು ಗೆರೆ ಬಿದ್ದಿದ್ದವು.

ಆ ಗೆರೆಗಳನ್ನು ಎಲ್ಲರೂ ಕೂತು ನೋಡಿದೆವು. ಕೆಲವು ಕಡೆ ಓದುಗನ ನಾಲಿಗೆ ಪುಸ್ತಕದ ಮಾತನ್ನು ಆಡುಮಾತಿಗೆ ತಿರುಗಿಸಿತ್ತು. ಕೆಲವು ಕಡೆ ಎಡವಿತ್ತು: ಕರ್ತೃ ಒಂದು ಕಡೆ, ಕ್ರಿಯಾಪದ ಮೂರು ಸಾಲು ಆಚೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಲ್ಲಿಯವರೆಗೆ ಓದುವವರು ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು, ಭಾರ ಜಾಸ್ತಿಯಾದರೆ ಕಾಲು ತಡವರಿಸುತ್ತದೆ. ಎರಡು ಕಡೆ ಹುಡುಗ ತಾನಾಗಿಯೇ ನಿಧಾನಿಸಿದ್ದ, ಯಾರೂ ಹೇಳಿರಲಿಲ್ಲ. ಅವೆರಡೂ ಕತೆಯ ಒಳ್ಳೆಯ ಜಾಗಗಳು.

ಯಾರೂ ಟೀಕೆ ಮಾಡಿರಲಿಲ್ಲ. ಆದರೂ ಮೇಷ್ಟರಿಗೆ ಬೇಕಾದ್ದೆಲ್ಲ ಸಿಕ್ಕಿತ್ತು. ನಮ್ಮ ಬರಹವನ್ನು ನಾವೇ ಓದುವಾಗ ತಪ್ಪಿಗೆಲ್ಲ ದನಿಯಿಂದ ತೇಪೆ ಹಾಕುತ್ತಾ ಹೋಗುತ್ತೇವೆ, ನಾಚಿಕೆಯಾದರೆ ಒಳ್ಳೆಯದನ್ನೂ ನುಂಗುತ್ತೇವೆ. ಆರು ಪುಟದ ಆ ಕತೆ ನೆನಪಾಯಿತು. ಅದನ್ನು ನಾವು ಕೇಳಿಯೇ ಇರಲಿಲ್ಲ. ಆಕೆಯ ಹೆದರಿಕೆಯನ್ನಷ್ಟೇ ಕೇಳಿಸಿಕೊಂಡು ಕತೆಯ ಬಗ್ಗೆ ತೀರ್ಪು ಕೊಟ್ಟಿದ್ದೆವು.

ಇನ್ನು ಮುಂದೆ ಯಾರ ಬರಹವನ್ನೂ ಅವರೇ ಓದುವುದಿಲ್ಲ. ಓದುವವರು ಮುಂಚಿತವಾಗಿ ನೋಡಿರಬಾರದು. ಬರೆದವರ ಕೈಯಲ್ಲಿ ಪೆನ್ಸಿಲ್, ಬಾಯಿಗೆ ಬೀಗ.

ಸಭೆ 12

ಕಟ್ಟು ಹಾಕಿಕೊಂಡು ಬರೆಯುವ ಆಟ. 1960ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಊಲಿಪೋ ಬಳಗದವರು ಇಂಥ ಕಟ್ಟುಗಳಿಂದಲೇ ಬರೆದರು. ಅವರಲ್ಲಿ ಜಾರ್ಜ್ ಪೆರೆಕ್ 1969ರಲ್ಲಿ ‘ಇ’ ಅಕ್ಷರವೇ ಇಲ್ಲದ ಇಡೀ ಕಾದಂಬರಿ ಪ್ರಕಟಿಸಿದರು. ಅಕ್ಷರ ಬಿಡುವುದು ನಮಗೆ ರುಚಿಸಲಿಲ್ಲ. ನಮ್ಮ ಭಾಷೆ ಎಲ್ಲಿ ಕಟ್ಟಿಹಾಕುತ್ತದೋ ಅಲ್ಲೇ ಗಂಟು ಹಾಕಿಕೊಳ್ಳೋಣ ಎಂದೆ: ಪಾತ್ರ ಗಂಡೋ ಹೆಣ್ಣೋ ಗೊತ್ತಾಗದಂತೆ ಒಂದು ಪುಟ.

ಇಂಗ್ಲಿಷಿನಲ್ಲಿ ಸರ್ವನಾಮ ತಪ್ಪಿಸಿದರೆ ಸಾಕು. ನಮ್ಮಲ್ಲಿ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ, ಬಂದನು, ಬಂದಳು. ‘ಬಂದರು’ ಎಂದು ಗೌರವ ಕೊಟ್ಟು ಪಾರಾಗಬಾರದು, ‘ನಾನು’ ಎಂದೂ ಬರೆಯಬಾರದು. ಮೊದಲ ಐದು ನಿಮಿಷ ಎಲ್ಲರೂ ಚಾವಣಿ ನೋಡಿದರು. ಆಮೇಲೆ ದಾರಿಗಳು ಕಂಡವು. ‘ಬಂದ ಮೇಲೆ’, ‘ಕೂತಾಗ’, ‘ಮರೆತದ್ದು’ ಇವುಗಳಲ್ಲಿ ಲಿಂಗವಿಲ್ಲ. ಮನುಷ್ಯರ ಬದಲು ವಸ್ತುಗಳು ಕೆಲಸ ಮಾಡತೊಡಗಿದವು: ಚಪ್ಪಲಿ ಹೊಸ್ತಿಲಲ್ಲಿ ನಿಂತಿತು, ಚಿಲಕ ಸದ್ದು ಮಾಡಲು ಹಿಂಜರಿಯಿತು, ಕೈ ದೀಪದ ಗುಂಡಿಯವರೆಗೆ ಹೋಗಿ ವಾಪಸಾಯಿತು. ಭಾವನೆಯನ್ನು ನೇರವಾಗಿ ಹೇಳುವ ಚಟವಿದ್ದವರು ಕೂಡ ಇವತ್ತು ಹೇಳಲಿಲ್ಲ, ಹೇಳಲು ಆಗಲಿಲ್ಲ. ಒಂಬತ್ತರಲ್ಲಿ ನಾಲ್ಕು ಪುಟಗಳು ಈವರೆಗೆ ನಮ್ಮ ಕೂಟದಲ್ಲಿ ಹುಟ್ಟಿದ ಅತ್ಯುತ್ತಮ ಗದ್ಯ. ಇದನ್ನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ.

ಸಭೆ 14

ಬರಿಯ ಎಂಟು ಜನ. ಎರಡು ಬರಹ. ಸರಿಯಾಗಿ ನಡೆಯಿತು.

ಸಭೆ 16

ಮೇಷ್ಟರು ಭಾಮಿನಿ ಷಟ್ಪದಿ ಬರೆದು ತಂದರು. ಮೂರು ನಾಲ್ಕು ಮೂರು ನಾಲ್ಕರ ಗಣ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ ಕೊನೆಯ ಗುರುವೂ ಸೇರಿ 23. ಲೆಕ್ಕದಲ್ಲಿ ಒಂದು ಮಾತ್ರೆ ಆಚೀಚೆ ಇಲ್ಲ. ಓದಲು ಕೂತದ್ದು ಛಂದಸ್ಸು ಗೊತ್ತಿಲ್ಲದ ಸದಸ್ಯೆ. ಎರಡನೇ ಸಾಲಿನಲ್ಲಿ ನಾಲಿಗೆ ಮುಗ್ಗರಿಸಿತು. ಮತ್ತೆ ಓದಿದರು, ಮತ್ತೆ ಅದೇ ಜಾಗದಲ್ಲಿ. ನೋಡಿದರೆ ಒಂದು ಉದ್ದದ ಪದ ಗಣದ ಗಡಿಯನ್ನು ದಾಟಿ ನಡುವೆ ಮುರಿಯುತ್ತಿತ್ತು. ಮಾತ್ರೆ ಕೂಡಿತ್ತು, ಅರ್ಥ ಒಡೆದಿತ್ತು. ಛಂದಸ್ಸಿನಲ್ಲಿ ಇದು ತಪ್ಪಲ್ಲ ಎಂದು ಒಬ್ಬರು ಹೇಳಿದರು, ನಿಜವೂ ಹೌದು. ಮೇಷ್ಟರು ಮಾತ್ರ ಆ ಪದ ಹೊಡೆದು, ಅಲ್ಲೇ ಎರಡು ಚಿಕ್ಕ ಪದ ಕೂರಿಸಿ ಹಾಳೆ ತಿರುಗಿಸಿ ಕೊಟ್ಟರು. ಮೂರನೇ ಸಲ ಆಕೆ ನೀರು ಹರಿದ ಹಾಗೆ ಓದಿದರು. ಎಪ್ಪತ್ತರ ಮೇಲಿನ ಆ ಮುಖದಲ್ಲಿ ಕಂಡ ಸಂತೋಷ ನನಗೆ ಮರೆಯುವಂಥದ್ದಲ್ಲ.

ಸಭೆ 18

ಐದನೇ ಸಭೆಯಲ್ಲಿ ಹೊರಟುಹೋದವರಿಗೆ ಎರಡನೇ ಪತ್ರ ಹಾಕಿದೆ. ಕರೆಯಲಿಲ್ಲ. ಆ ದಿನ ನಾವು ಮಾಡಿದ ತಪ್ಪು ಏನು, ಈಗ ಹೇಗೆ ಓದುತ್ತೇವೆ ಎಂದಷ್ಟೇ ಬರೆದೆ. ಇನ್ನೂ ಉತ್ತರ ಬಂದಿಲ್ಲ.

ಸಭೆ 19

ಸಂಚಾಲಕನ ಕೆಲಸವನ್ನು ಸರದಿಯ ಮೇಲೆ ಹಂಚಿದೆವು, ನನ್ನ ಒತ್ತಾಯದಿಂದ. ಗಡಿಯಾರ ನೋಡುವವರು ಒಬ್ಬರು, ಹಾಳೆ ತರುವವರು ಒಬ್ಬರು, ಮುಂದಿನ ಸಭೆಯ ಆಟ ಕಟ್ಟುವವರು ಒಬ್ಬರು. ಹತ್ತನೆಯವರೊಬ್ಬರು ಸೇರಿದ್ದಾರೆ. ಹನ್ನೆರಡಕ್ಕೆ ಬಾಗಿಲು ಹಾಕಬೇಕು, ಆಮೇಲೆ ಸರದಿ ಎರಡು ತಿಂಗಳಾಚೆ ಹೋಗುತ್ತದೆ.

ಇಪ್ಪತ್ತನೇ ಸಭೆಯಲ್ಲಿ ನನ್ನ ಸರದಿ. ಕತೆ 680 ಪದಕ್ಕೆ ಬಂದಿದೆ. ಓದುವವನು ಅದೇ ಕಾಲೇಜು ಹುಡುಗ. ಅಕ್ಷರ ಸಣ್ಣದಾದರೆ ಅವನು ಕಣ್ಣು ಕಿರಿದು ಮಾಡುತ್ತಾನೆ, 14ರ ಗಾತ್ರದಲ್ಲಿ ಅಚ್ಚು ಹಾಕಿಸಿದ್ದೇನೆ. ಎರಡನೇ ಪುಟದಲ್ಲಿ ಅಕ್ಕ ತಂಗಿಯರ ಮಾತು ಇನ್ನೂ ಸರಿಯಾಗಿಲ್ಲ ಅಂತ ಗುಮಾನಿ. ತಿದ್ದದೆ ಹಾಗೇ ಬಿಟ್ಟಿದ್ದೇನೆ, ಅವನ ನಾಲಿಗೆ ಅಲ್ಲಿ ಏನು ಮಾಡುತ್ತದೋ ಕೇಳಬೇಕು. ಪೆನ್ಸಿಲ್ ಹೆರೆದಿಟ್ಟಿದ್ದೇನೆ.